ನಿಂಬರ್ಗಾ ಬಸ್ಸಿನವ

ಆಳಂದದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುವ ಸೂರ್ಯಕಾಂತ ಮಾಸ್ತರರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಮಂಡಿನೋವೂ ಇಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಇದು ಸಣ್ಣ ಭಾಗ್ಯವಲ್ಲ. ಆದರೆ ಅವರಿಗೆ ಡಾಕ್ಟರಿಗೂ ಗೊತ್ತಾಗದ ಬೇರೊಂದು ಬೇನೆಯಿತ್ತು. ಎದುರಿಗಿನವರು ಸ್ವಲ್ಪ ಗಟ್ಟಿ ದನಿಯಲ್ಲಿ ಏನು ಕೇಳಿದರೂ ಬಾಯಿಂದ ತಾನಾಗಿಯೇ 'ಹೌದ್ರಿ' ಬಂದುಬಿಡುತ್ತಿತ್ತು. ಹೋದ ಬೇಸಿಗೆಯಲ್ಲಿ ಯಾರದೋ ಲಗ್ನಕ್ಕೆ ಹೋದಾಗ ಒಬ್ಬ ಹಿರಿಯರು, "ನೀವು ಹುಡುಗನ ಸೋದರಮಾವ ಅಲ್ಲೇನ್ರಿ?" ಎಂದು ಕೇಳಿದರು. ಇವರು ಹೌದ್ರಿ ಎಂದರು. ಐದು ನಿಮಿಷದಲ್ಲಿ ತಲೆಗೆ ಟೊಪ್ಪಿಗೆ, ಹೆಗಲಿಗೆ ಟಾವೆಲು ಬಂತು, ಮಾಸ್ತರರು ಮಂಟಪದ ಮೇಲೆ ನಿಂತಿದ್ದರು. ನಿಜವಾದ ಸೋದರಮಾವ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದ. ಕೊನೆಗೆ ಹೆಂಡತಿ ಮಹಾನಂದಾ ಹೋಗಿ ರಟ್ಟೆ ಹಿಡಿದು ಇಳಿಸಿಕೊಂಡು ಬಂದಳು.

ಇಂಥ ಮಾಸ್ತರರು ಒಂದು ಶನಿವಾರ ಮಧ್ಯಾಹ್ನ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಮಾದನಹಿಪ್ಪರಗಾ ಬಸ್ಸಿಗೆ ಕಾಯುತ್ತಿದ್ದರು. ಅದು ಅವರ ಊರು. ತಾಯಿ ಮಲ್ಕಮ್ಮ ಅಲ್ಲಿ ಹಿರಿಯ ಮಗ ಹುಲೆಪ್ಪನ ಸಂಸಾರದ ನಡುವೆ ಎಂಬತ್ತು ದಾಟಿಯೂ ಎಲ್ಲರ ಮೇಲೆ ಕಾರುಬಾರು ನಡೆಸುತ್ತಿದ್ದಳು. ಬಸ್ಸು ತಡವಾಗಿತ್ತು. ಕಲ್ಲು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರು ಭೂಸನೂರಿನ ಕಬ್ಬಿನ ಸಾಹುಕಾರ ಜಗದೇವಪ್ಪ. ಬಿಳಿ ಅಂಗಿ, ಬಿಳಿ ಧೋತರ, ಕಣ್ಣಿನ ಪೊರೆ ತೆಗೆಸಿದ ಮೇಲೆ ಕೊಡುವ ಕರಿ ಕನ್ನಡಕ. ಕಾರು ರಿಪೇರಿಗೆ ಹೋಗಿದ್ದರಿಂದ ಅವರಿಗೂ ಅಂದು ಬಸ್ಸೇ ಗತಿಯಾಗಿತ್ತು.

"ಈಗ ಎಲ್ಲಿ ಬುತ್ತಿ ಬಿಡ್ರಿ," ಎಂದರು ಜಗದೇವಪ್ಪ, ಖಾಲಿ ಪ್ಲಾಟ್‌ಫಾರಂ ನೋಡುತ್ತ. "ನಮ್ಮ ಕಾಲೇಜ್ ಟೈಮಿನ್ಯಾಗ ಮುಂಜಾನೆ ಮುಂಜಾನೆ ಈ ಸ್ಟ್ಯಾಂಡ್ ತುಂಬ ರೊಟ್ಟಿ ವಾಸನಿ. ಒಂದೊಂದ್ ಬಸ್ಸಿಂದ ಹತ್ತತ್ತು ಬುತ್ತಿ ಇಳೀತಿದ್ವು."

"ಹೌದ್ರಿ. ನಾನೂ ಇಲ್ಲೇ ನಿಂತು ನಿಂಬರ್ಗಾ ಬಸ್ಸಿಂದ ಬುತ್ತಿ ಇಳಿಸ್ಕೋತಿದ್ದೆ."

ಜಗದೇವಪ್ಪ ಕನ್ನಡಕ ಮೇಲೆತ್ತಿದರು. "ನಿಂಬರ್ಗಾ ಬಸ್ಸ? ಎಂಬತ್ತೇಳರಾಗ?"

"ಹೌದ್ರಿ."

"ಸರ್ವರಬೇಗಂ ಖೋಲಿಗಿ ಒಯ್ತಿದ್ದೇನು?"

"ಹೌದ್ರಿ."

"ಲೇ ನಿಂಬರ್ಗಾ ಬಸ್! ನಾ ಭೂಸನೂರ ಬಸ್ ಅದೀನಲೇ!" ಎಂದು ಸಾಹುಕಾರರು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿ ಮಾಸ್ತರರನ್ನು ತಬ್ಬಿಕೊಂಡರು. ಆ ಗದ್ದಲದಲ್ಲಿ ಹಿಪ್ಪರಗಾ ಬಸ್ಸೂ ಭೂಸನೂರ ಬಸ್ಸೂ ಬಂದು ಹೋದವು. ಇಬ್ಬರಿಗೂ ಗೊತ್ತಾಗಲಿಲ್ಲ.

ಒಬ್ಬ ಮನುಷ್ಯನನ್ನು ಬಸ್ಸೆಂದು ಕರೆದು ಅಪ್ಪಿಕೊಳ್ಳುವುದು ಬೇರೆ ಸೀಮೆಯವರಿಗೆ ವಿಚಿತ್ರವಾಗಿ ಕಾಣಬಹುದು. ಆದ್ದರಿಂದ ಸ್ವಲ್ಪ ಇತಿಹಾಸ ಹೇಳಲೇಬೇಕು. ಆ ಕಾಲದಲ್ಲಿ ಸುತ್ತಲಿನ ಹಳ್ಳಿಯ ಹುಡುಗರು ಆಳಂದದಲ್ಲಿ ಖೋಲಿ, ಅಂದರೆ ಬಾಡಿಗೆ ಕೋಣೆ, ಹಿಡಿದು ಕಾಲೇಜು ಓದುತ್ತಿದ್ದರು. ಊಟ ಮಾತ್ರ ಊರಿನದೇ. ತಾಯಂದಿರು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ, ಹಿಂಡಿ ಎಂಬ ಚಟ್ನಿಪುಡಿ ಕಟ್ಟಿ, ಊರಿನ ಬಸ್ಸಿಗೆ ಇಡುತ್ತಿದ್ದರು. ಹುಡುಗರು ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಿದ್ದರು. ಸರ್ವರಬೇಗಂ ಎಂಬ ಹೆಣ್ಣುಮಗಳ ಮನೆಯ ಮುಂದಿನ ಖೋಲಿಯಲ್ಲಿದ್ದ ಹುಡುಗರು ಸೇರಿ ಬುತ್ತಿ ಬಳಗ ಎಂದು ಒಂದು ಸಂಘ ಕಟ್ಟಿದರು. ಎಲ್ಲರ ಬುತ್ತಿಯನ್ನೂ ಒಂದೇ ಚಾದರದ ಮೇಲೆ ಸುರಿದು, ಕಲಸಿ ಹಂಚಿಕೊಂಡು ಉಣ್ಣುವುದು ಅವರ ಸಂಪ್ರದಾಯ. ಖೋಲಿಯೊಳಗೆ ಯಾರೂ ಯಾರ ಹೆಸರನ್ನೂ ಹಿಡಿಯುವಂತಿರಲಿಲ್ಲ. ಹೆಸರು ಕೇಳಿದರೆ ಅಡ್ಡಹೆಸರು ಬರುತ್ತದೆ, ಅಡ್ಡಹೆಸರು ಬಂದರೆ ಓಣಿ ಬರುತ್ತದೆ, ಓಣಿ ಬಂದಮೇಲೆ ತಾಟು ಬೇರೆಯಾಗುತ್ತದೆ ಎಂಬುದು ಆ ಹುಡುಗರ ವಾದ. ಹಾಗಾಗಿ ಯಾರ ಬುತ್ತಿ ಯಾವ ಬಸ್ಸಿನಲ್ಲಿ ಬರುತ್ತದೋ ಅದೇ ಅವನ ಹೆಸರಾಯಿತು. ಇಷ್ಟು ವರ್ಷಗಳಾದ ಮೇಲೆ ಬಳಗದವರಿಗೆ ಗೆಳೆಯರ ಮುಖ ಮರೆತಿತ್ತು, ಹೆಸರಂತೂ ಮೊದಲಿನಿಂದಲೂ ಗೊತ್ತಿರಲಿಲ್ಲ. ಬಸ್ಸು ಮಾತ್ರ ನೆನಪಿತ್ತು.

ಮಾಸ್ತರರು ಹೇಳಿದ ಮೂರೂ 'ಹೌದ್ರಿ'ಗಳು ಅಪ್ಪಟ ನಿಜ. ಅವರು ಬುತ್ತಿ ಇಳಿಸಿಕೊಂಡಿದ್ದರು, ಖೋಲಿಗೆ ಒಯ್ದೂ ಇದ್ದರು. ಆದರೆ ಆ ಬುತ್ತಿ ಅವರದಲ್ಲ. ಅವರು ಇದ್ದದ್ದು ಹಿಂದಿನ ಓಣಿಯ ಸರ್ಕಾರಿ ಹಾಸ್ಟೆಲಿನಲ್ಲಿ. ನಿಂಬರ್ಗಾದ ಮಹೇಶಕುಮಾರ ಅವರ ಕ್ಲಾಸಿನವನು. ಅವನಿಗೆ ಒಮ್ಮೆ ಟೈಫಾಯ್ಡ್ ಬಂತು. ಬುತ್ತಿ ಬೇಡವೆಂದು ಹೇಳಿ ಕಳಿಸಿದರೆ ಊರಲ್ಲಿ ತಾಯಿ ಗಾಬರಿಯಾಗುತ್ತಾಳೆ, ಆದ್ದರಿಂದ ರೋಗಿ ಗಂಜಿ ಕುಡಿಯುತ್ತ ಮಲಗಿದರೂ ಬುತ್ತಿ ಬರುತ್ತಲೇ ಇತ್ತು. ಉಳಿದವರಿಗೆ ಆ ಹೊತ್ತಿಗೆ ಕ್ಲಾಸಿರುತ್ತಿತ್ತು. "ಜರಾ ತಂದು ಕೊಡ್ತೀಯೇನೋ ಸೂರ್ಯಾ?" ಎಂದು ಮಹೇಶ ಕೇಳಿದ್ದ. ಉತ್ತರ ಏನಿತ್ತೆಂದು ಹೇಳಬೇಕಾಗಿಲ್ಲ.

ಮಳೆಗಾಲದ ಕೆಲವು ವಾರ ಸೂರ್ಯಕಾಂತ ಬುತ್ತಿ ಇಳಿಸಿಕೊಂಡು, ಎಲ್ಲರೂ ಉಣ್ಣಲು ಕೂಡುವ ಹೊತ್ತಿಗೆ ಒಯ್ದು ಖೋಲಿಯ ಬಾಗಿಲು ಬಡಿದ. ಬಾಗಿಲು ಅರ್ಧ ತೆರೆದು ಒಂದು ಕೈ ಹೊರಬಂದು ಗಂಟು ತೆಗೆದುಕೊಳ್ಳುತ್ತಿತ್ತು. ಒಳಗೆ ಯಾರೋ ಏನೋ ಹೇಳುತ್ತಿದ್ದರು, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಹಾಸ್ಟೆಲಿನಲ್ಲಿ ಹೊಟ್ಟೆಗೆ ಕಡಿಮೆಯಿರಲಿಲ್ಲ, ಆದರೆ ಹಾಗೆ ನಗುವವರಿರಲಿಲ್ಲ. ಆ ಖೋಲಿಯೊಳಗೆ ಒಮ್ಮೆಯಾದರೂ ಕೂತು ಉಣ್ಣಬೇಕೆಂದು ಅವನಿಗೆ ತುಂಬ ಆಸೆಯಾಗುತ್ತಿತ್ತು. ಜ್ವರ ಬಿಟ್ಟಿತು, ಬುತ್ತಿ ತರುವ ಕೆಲಸ ಮುಗಿಯಿತು, ಆಸೆ ಉಳಿಯಿತು.

ಆದ್ದರಿಂದ ಜಗದೇವಪ್ಪ ಅವರನ್ನು ವಾಟ್ಸಾಪಿನ ಬುತ್ತಿ ಬಳಗಕ್ಕೆ ಸೇರಿಸಿ, "ಕಳದ ನಿಂಬರ್ಗಾ ಬಸ್ ಸಿಕ್ತು" ಎಂದು ಹಾಕಿದಾಗ, ಅಲ್ಲ ಎಂದು ಬರೆಯಲು ಮಾಸ್ತರರ ಬೆರಳು ಏಳಲಿಲ್ಲ. ಎಲ್ಲರೂ ಹೂವಿನ ಚಿತ್ರ ಕಳಿಸಿದರು. ಇವರು ಕೈಮುಗಿದ ಚಿತ್ರ ಕಳಿಸಿದರು.

ಅಲ್ಲಿಂದ ಸಂಕಟ ಶುರುವಾಯಿತು. ಅಫಜಲಪುರ ಬಸ್, ಅಂದರೆ ಅಫಜಲಪುರದಲ್ಲಿ ಕಬ್ಬಿಣ ಸಿಮೆಂಟಿನ ಅಂಗಡಿ ಇಟ್ಟಿರುವ ಜಹೀರುದ್ದೀನ, ದಿನಾ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲು ಗುಂಪಿಗೆ ಒಂದು ಪ್ರಶ್ನೆ ಎಸೆಯುತ್ತಿದ್ದರು. ಇದಕ್ಕೆ 'ಇವತ್ತಿನ ಸವಾಲ್' ಎಂದು ಹೆಸರು. ಬಳಗದ ಇತಿಹಾಸ, ಕಾಯದೆ, ಆಚಾರ ವಿಚಾರದ ಮೇಲೆಯೇ ಪ್ರಶ್ನೆ. ಖೋಲಿಯ ಗೋಡೆಗೆ ಯಾವ ಬಣ್ಣ? ರಂಜಕದ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಯ, ಡಬ್ಬಿ ಮೊದಲು ತಂದವರು ಯಾರು? ಜೇವರ್ಗಿ ಬುತ್ತಿಯಲ್ಲಿ ಗುರುವಾರ ಏನು? ಜೇವರ್ಗಿ ಬಸ್ ಎಂದರೆ ದೇವಿಂದ್ರಪ್ಪ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪ್ರತಿ ಉತ್ತರಕ್ಕೂ ತಕರಾರು ಎತ್ತುವುದು ಅವರ ಹಕ್ಕಾಗಿತ್ತು.

ಮಾಸ್ತರರು ಮೊದಮೊದಲು, ಇಬ್ಬರು ಜಗಳಾಡಿದರೆ ಇಬ್ಬರಿಗೂ 'ಹೌದ್ರಿ' ಎಂದು ಹಾಕಿ ದಿನ ತಳ್ಳಿದರು. ಆಮೇಲೆ ಅದು ನಡೆಯುವುದಿಲ್ಲವೆಂದು ತಿಳಿದು ಓದಲು ಕೂತರು. ಗುಂಪಿನ ಹಳೆಯ ಸಂದೇಶಗಳನ್ನೆಲ್ಲ ಹಿಂದಕ್ಕೆ ಸರಿಸಿ ಸರಿಸಿ ಬಾಯಿಪಾಠ ಮಾಡಿದರು. ಪರೀಕ್ಷೆಗೆ ಇಷ್ಟು ಓದಿದ್ದರೆ ಅವರು ಡ್ರಾಯಿಂಗ್ ಮಾಸ್ತರರಾಗುವ ಬದಲು ತಹಸೀಲ್ದಾರರಾಗುತ್ತಿದ್ದರು.

"ಏನ್ರೀ ಅದು, ಗೋಡಿಗಿ ಮುಖ ಮಾಡಿ ಒಟಾ ಒಟಾ ಅನ್ನಾಕತ್ತೀರಿ?" ಎಂದಳು ಮಹಾನಂದಾ.

"ಖೋಲಿ ಬಣ್ಣ ಹಸರು, ರಂಜಕ ಭೂಸನೂರ ಬಸ್ಸಿಂದು, ಗುರುವಾರ ಜೇವರ್ಗಿ ಪುಂಡಿಪಲ್ಯ," ಎಂದರು ಮಾಸ್ತರರು ಕಣ್ಣು ಮುಚ್ಚಿಕೊಂಡೇ.

"ಸರ್ಕಾರಿ ಹಾಸ್ಟೆಲ್ ಅನ್ನ ಉಂಡಾವ್ರು ನೀವು. ನಿಮಗೆಲ್ಲಿ ಬುತ್ತಿ ಬಂದಿತ್ರಿ? ಮತ್ತ ಯಾರಿಗರ ಹೌದ್ರಿ ಅಂದು ಬಂದೀರೇನು?"

"ಹೌದ," ಎಂದರು ಮಾಸ್ತರರು ಕ್ಷೀಣವಾಗಿ.

ಮಹಾನಂದಾ ಹಣೆ ಬಡಿದುಕೊಂಡಳು. "ಫೋನ್ ತಗೀರಿ, ನಾ ಅಲ್ಲ ಅಂತ ಬರೀರಿ. ಆ ಮಂಟಪದಿಂದ ಇಳಿಸ್ಕೊಂಡು ಬಂದಂಗ ಇದರಿಂದ ಇಳಿಸ್ಲಾಕ ನನ್ನ ಕೈಲಿ ಆಗೂದಿಲ್ಲ ನೋಡ್ರಿ."

ಬರೆಯಬೇಕೆಂದೇ ಮಾಸ್ತರರು ಫೋನ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಜಹೀರುದ್ದೀನರ ಸಂದೇಶ ಬಂತು: "ನಿಂಬರ್ಗಾ ಬಸ್, ಜೇವರ್ಗಿ ಆಯ್ತೇನು?" ಜೇವರ್ಗಿ ಬುತ್ತಿ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು, ಅದರ ರೊಟ್ಟಿಯೇ ರಾತ್ರಿಯ ಊಟ. ಆದ್ದರಿಂದ ರಾತ್ರಿ ಊಟ ಆಯ್ತೇ ಎಂದು ಕೇಳುವುದಕ್ಕೆ ಬಳಗದಲ್ಲಿ ಹಾಗೆ ಹೇಳುತ್ತಿದ್ದರು. ಮಾಸ್ತರರಿಗೆ ಊಟ ಆಯ್ತೇ ಎಂದು ಗೆಳೆಯನೊಬ್ಬ ಕೇಳಿ ಎಷ್ಟು ಕಾಲವಾಗಿತ್ತೋ. ಅವರು 'ಆಯ್ತಪಾ' ಎಂದು ಬರೆದು ಫೋನ್ ಇಟ್ಟರು.

ಪಕ್ಕದ ಮನೆಯ ಸುಭದ್ರಾಬಾಯಿ ಗೋಡೆಯಾಚೆಯಿಂದ ಅರ್ಧ ಕೇಳಿಸಿಕೊಂಡು, ಮಾಸ್ತರರು ಯಾವುದೋ ದೊಡ್ಡ ಸಂಘದ ಸ್ಥಾಪಕರಂತೆ, ಭೂಸನೂರ ಸಾಹುಕಾರರು ಅವರ ಮಾತು ಮೀರುವುದಿಲ್ಲವಂತೆ ಎಂದು ಓಣಿಗೆ ಹಂಚಿದಳು. ಮರುದಿನವೇ ಒಬ್ಬ ಬಂದು, ಕಬ್ಬು ಕಡಿಯುವ ಗ್ಯಾಂಗು ತನ್ನ ಹೊಲಕ್ಕೆ ಮೊದಲು ಬರುವ ಹಾಗೆ ಸಾಹುಕಾರರಿಗೆ ಒಂದು ಮಾತು ಹೇಳ್ತೀರೇನ್ರಿ ಎಂದು ಕೇಳಿದ. ಹೌದ್ರಿ ಎಂದರು. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ನಿಮ್ಮ ಬಳಗದ ಆದರ್ಶದ ಬಗ್ಗೆ ಮಾತಾಡ್ತೀರೇನ್ರಿ ಎಂದರು. ಅದಕ್ಕೂ ಹೌದ್ರಿ. ಹುಡುಗರೆದುರು ನಿಂತು ಮಾಸ್ತರರು ಆ ಚಾದರ, ಆ ರೊಟ್ಟಿ, ಆ ನಗು ಎಲ್ಲವನ್ನೂ ಎಷ್ಟು ಚೆನ್ನಾಗಿ ಬಣ್ಣಿಸಿದರೆಂದರೆ ಅವರ ಕಣ್ಣೇ ಒದ್ದೆಯಾಯಿತು. ತಾನು ನಿಜವಾಗಿಯೂ ಒಳಗೆ ಕೂತಿದ್ದೆನೇನೋ ಎಂದು ಅವರಿಗೇ ಅನ್ನಿಸತೊಡಗಿತ್ತು.

ಆಗ ಜಗದೇವಪ್ಪ ಬಳಗದ ಸಮ್ಮೇಳನ ಘೋಷಿಸಿದರು. ಸ್ಥಳ ಅದೇ ಆಳಂದ, ಅದೇ ಖೋಲಿ. ಊಟಕ್ಕೆ ಎಲ್ಲರೂ ಮನೆಯಿಂದ ಬುತ್ತಿ ತರಬೇಕು. ಈ ಜಾಹೀರಾತನ್ನು ಅವರು ಫೇಸ್‌ಬುಕ್ಕಿಗೂ ಹಾಕಿದರು.

ಖೋಲಿ ಈಗ ತೊಗರಿ ಚೀಲ ಒಟ್ಟುವ ಜಾಗವಾಗಿತ್ತು. ಚೀಲಗಳನ್ನು ಸರಿಸಿ ಚಾದರ ಹಾಸಿದ್ದರು. ಸರ್ವರಬೇಗಂ ಇನ್ನೂ ಒಳಮನೆಯಲ್ಲೇ ಇದ್ದರು, ಮೊಮ್ಮಕ್ಕಳು ಅವರನ್ನು ಕುರ್ಚಿಯ ಮೇಲೆ ಕೂರಿಸಿ ಹೊರಗೆ ತಂದರು. ಮಾಸ್ತರರು ಎಲ್ಲರ ಹಿಂದಕ್ಕೆ ಸರಿದರು. ಇವರೊಬ್ಬರು ಬಾಯಿ ಬಿಟ್ಟರೆ ತನ್ನ ಕಥೆ ಮುಗಿಯಿತು.

ಬೇಗಂ ಕಣ್ಣು ಕಿರಿದು ಮಾಡಿ ಜಗದೇವಪ್ಪನವರನ್ನು ನೋಡಿದರು. "ಇಂವ ಯಾರು? ಈ ಹೊಟ್ಟಿ ನಮ್ಮ ಖೋಲ್ಯಾಗ ಇರ್ಲಿಲ್ಲ."

"ಬೇಗಂ, ನಾನ್ರಿ ಭೂಸನೂರ," ಎಂದರು ಜಗದೇವಪ್ಪ ಸಂಕೋಚದಿಂದ.

"ನಹೀ. ಅಂವ ಕಟಗಿ ಇದ್ದಂಗಿದ್ದ." ಜಹೀರುದ್ದೀನರನ್ನೂ ದೇವಿಂದ್ರಪ್ಪನವರನ್ನೂ ಹೀಗೇ ತಳ್ಳಿಹಾಕಿ ಬೇಗಂ ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಅಭ್ಯಾಸಬಲದಿಂದ ಕೈ ಎತ್ತಿ ಸಲಾಂ ಮಾಡಿದರು. ಬೇಗಂ ಮುಖ ಅರಳಿತು. "ಇವನ್ನ ಬಲ್ಲೆ! ದಿನಾ ಬುತ್ತಿ ತರ್ತಿದ್ದ, ದಿನಾ ಸಲಾಂ ಮಾಡ್ತಿದ್ದ. ನಿಮ್ಮೊಳಗ ಇಂವೊಬ್ನೇ ಖರೇ ಹುಡುಗ."

ಬಳಗದವರು ಚಪ್ಪಾಳೆ ಹೊಡೆದರು. ಮಾಸ್ತರರಿಗೆ ಮಾತ್ರ ಚಪ್ಪಾಳೆ ಬೆನ್ನಿಗೆ ಬಿದ್ದ ಹಾಗಾಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ತೆಳ್ಳಗಿನ ಮನುಷ್ಯನೊಬ್ಬ ಬಂದು ನಿಂತ. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. "ಸೋಲಾಪುರದಿಂದ ಬಂದೀನ್ರಿ. ಫೇಸ್‌ಬುಕ್ಕಿನ್ಯಾಗ ನೋಡ್ದೆ," ಎಂದ. "ನಾ ನಿಂಬರ್ಗಾ ಬಸ್ರಿ."

ಮಾಸ್ತರರು ಒಂದೇ ನೋಟಕ್ಕೆ ಗುರುತು ಹಿಡಿದರು. ಮಹೇಶಕುಮಾರನೇ. ಕೂದಲು ಹೋಗಿತ್ತು, ಮೂಗು ಅದೇ ಇತ್ತು.

"ನಮ್ಮ ಖೋಲ್ಯಾಗ ನಿಂಬರ್ಗಾ ಬಸ್ ಒಬ್ನೇ ಇದ್ದ," ಎಂದರು ದೇವಿಂದ್ರಪ್ಪ, ಕೋರ್ಟಿನ ಗತ್ತಿನಲ್ಲಿ. "ಇಬ್ಬರೊಳಗೆ ಒಬ್ಬರು ಖೋಟಾ ಇರಬೇಕು. ವಿಚಾರಣಾ ನಡೀಲಿ."

ಇಬ್ಬರನ್ನೂ ಎದುರುಬದುರು ಕೂರಿಸಲಾಯಿತು. ಜಹೀರುದ್ದೀನರು ಗಂಟಲು ಸರಿಪಡಿಸಿಕೊಂಡು ಮಹೇಶಕುಮಾರನಿಗೆ ಸವಾಲು ಹಾಕಿದರು. "ಖೋಲಿದು ಒಂದನೇ ಕಾಯ್ದಾ ಯಾವ್ದು?"

ಮಹೇಶ ತಲೆ ಕೆರೆದುಕೊಂಡ. "ಚಪ್ಪಲಿ ಹೊರಗ ಬಿಡೂದ್ರಿ?"

"ಹೆಸರ ಹಿಡೀಬಾರ್ದು, ಬಸ್ ಹಿಡೀಬೇಕು," ಎಂದರು ಮಾಸ್ತರರು. ಬಾಯಿಪಾಠ ಮಾಡಿದ ನಾಲಿಗೆ, ತಡೆಯುವಷ್ಟರಲ್ಲಿ ಹೇಳಿಬಿಟ್ಟಿತ್ತು.

"ಶಾಬಾಸ್. ಎರಡನೇದು. 'ಜೇವರ್ಗಿ ಆಯ್ತೇನು' ಅಂದ್ರ ಏನು?"

"ಜೇವರ್ಗಿ ತಾಲೂಕಾ ಆಯ್ತೇನು ಅಂತೇನ್ರಿ?"

ದೇವಿಂದ್ರಪ್ಪನವರ ಮುಖ ಕೆಂಪಾಯಿತು. "ನಾ ಹುಟ್ಟೂಕಿಂತ ಮೊದಲೇ ಅದು ತಾಲೂಕಾ ಅದ! ಇಂವ ನಮ್ಮಾಂವ ಆಗೂದು ಸಾಧ್ಯನೇ ಇಲ್ಲ."

"ರಂಜಕದ ಡಬ್ಬಿ ಯಾರದು? ಗೋಡಿ ಬಣ್ಣ?" ಮಹೇಶ ಭೂಸನೂರಿನ ಡಬ್ಬಿಯನ್ನು ಅಫಜಲಪುರಕ್ಕೆ ಕೊಟ್ಟ, ಹಸಿರು ಗೋಡೆಯನ್ನು ನೀಲಿ ಮಾಡಿದ. ಸುಳ್ಳಲ್ಲ, ಆ ಖೋಲಿಯಲ್ಲಿ ಉಂಡು ನಕ್ಕು ಬೆಳೆದವನಿಗೆ ಗೋಡೆ ನೋಡುವ ಪುರಸೊತ್ತು ಎಲ್ಲಿತ್ತು? ಮಾಸ್ತರರು ಬಾಯಿ ಬಿಗಿಹಿಡಿದು ಕೂತರು. ಆದರೆ ಜಹೀರುದ್ದೀನರು, "ನೀ ಹೇಳಪಾ," ಎಂದು ಗಟ್ಟಿಯಾಗಿ ಕೇಳಿದಾಗೆಲ್ಲ ಉತ್ತರ ಹೊರಬಿತ್ತು. ಎಲ್ಲವೂ ಸರಿಯುತ್ತರ.

ಜಗದೇವಪ್ಪ ತೀರ್ಪು ಕೊಟ್ಟರು, ಸಾಹುಕಾರಿಕೆಯ ಮರ್ಯಾದೆ ಬಿಡದೆ. "ಪಾವಣ್ಯಾರೇ, ನಿಮಗ ಏನೋ ತಪ್ಪು ತಿಳುವಳಿಕಿ ಆಗ್ಯಾದ. ದೂರಿಂದ ಬಂದೀರಿ, ಚಾ ಕುಡದು ಹೋಗ್ರಿ."

ಮಹೇಶಕುಮಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರಾದರೂ ನಕ್ಕು, ಚೇಷ್ಟೆ ಮಾಡಿದೆವು ಬಾರೋ ಎನ್ನುತ್ತಾರೆಂದು ಕಾದಂತಿತ್ತು. ಯಾರೂ ಅನ್ನಲಿಲ್ಲ. "ಖರೇ ಇರಬಹುದ್ರಿ," ಎಂದ ಮೆಲ್ಲಗೆ. "ವಯಸ್ಸಾತು. ಬ್ಯಾರೆ ಯಾವ್ದರ ಖೋಲಿ ಇದ್ದೀತು. ನಾನೇ ಇದು ಅನ್ಕೊಂಡಿರಬೇಕು." ಅವನು ಬುತ್ತಿ ಎತ್ತಿಕೊಂಡು ಚಪ್ಪಲಿ ಹುಡುಕತೊಡಗಿದ.

ಬಾಗಿಲಾಚೆ ನಿಲ್ಲುವುದು ಹೇಗಿರುತ್ತದೆಂದು ಆ ಖೋಲಿಯಲ್ಲಿ ಗೊತ್ತಿದ್ದವರು ಒಬ್ಬರೇ. ಮಾಸ್ತರರು ಎದ್ದರು.

"ಇವ್ರೇ ನಿಂಬರ್ಗಾ ಬಸ್. ನಾ ಅಲ್ಲ."

"ಏನಂದಿ?" ಎಂದರು ಜಗದೇವಪ್ಪ.

"ನಾ ಅಲ್ರಿ. ನಾ ಹಾಸ್ಟೆಲ್ ಹುಡುಗ. ಮಹೇಶಗ ಜ್ವರ ಬಂದಾಗ ಬುತ್ತಿ ತಂದು ಕೊಡ್ತಿದ್ದೆ, ಅಷ್ಟ. ನಿಮ್ಮ ಸವಾಲ್ ಎಲ್ಲಾ ಫೋನ್ ನೋಡಿ ಕಲ್ತೀನಿ."

"ಮೋಸ!" ಎಂದು ಜಗದೇವಪ್ಪ ಗುಡುಗಿದರು. "ಸ್ಟ್ಯಾಂಡಿನ್ಯಾಗ ನಾ ತೆಕ್ಕಿ ಹಾಯ್ದೆ ನಿನಗ! ನನ್ನ ಬಸ್ ಸಹ ತಪ್ಪಿತು!"

ಮಹೇಶಕುಮಾರ ಚಪ್ಪಲಿ ಬಿಟ್ಟು ಹತ್ತಿರ ಬಂದ. "ಲೇ, ಸೂರ್ಯಾ ಏನಲೇ? ಹುಚ್ಚಪ್ಯಾಲಿ, ಎಷ್ಟ್ ದಿನಾ ತಂದೀಯಲ್ಲೋ. ನಾ ಮೂಲ್ಯಾಗ ಮಲಗಿದ್ದೆ, ಎದ್ದು ಬರಾಕ ಆಗ್ತಿರ್ಲಿಲ್ಲ. ನೀ ಯಾಕ ಒಂದಿನನೂ ಒಳಗ ಬಂದು ಉಣ್ಲಿಲ್ಲ?"

"ಯಾರೂ ಬಾ ಅನ್ಲಿಲ್ಲಪಾ," ಎಂದರು ಮಾಸ್ತರರು. ದೂರುವ ದನಿಯಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದರು.

ಯಾರ ಮನೆಯ ರೊಟ್ಟಿ ಎಂದು ಕೇಳಬಾರದೆಂದು ಹೆಸರನ್ನೇ ಬಿಟ್ಟುಕೊಟ್ಟವರು, ಅದನ್ನೇ ಜೀವಮಾನವಿಡೀ ಹೆಮ್ಮೆಯಿಂದ ಹೇಳಿಕೊಂಡು ಬಂದವರು, ಬಾಗಿಲಲ್ಲಿ ರೊಟ್ಟಿ ಹಿಡಿದು ನಿಂತ ಹುಡುಗನನ್ನು ಕಣ್ಣೆತ್ತಿ ನೋಡಿರಲಿಲ್ಲ. ಕೆಟ್ಟವರೇನಲ್ಲ, ಹಸಿವಾಗಿತ್ತು, ನಗು ಬಂದಿತ್ತು, ನೋಡಲಿಲ್ಲ.

"ಕೈ ಚಾಚಿ ಬುತ್ತಿ ಇಸ್ಕೋತಿದ್ದಾಂವ ನಾನೇ ಇರಬೇಕು," ಎಂದರು ಜಹೀರುದ್ದೀನ. "ಕಸಂ ಹೇಳ್ತೇನಿ, ಆ ಕಡೆ ಯಾರಿದ್ರು ಅಂತ ನನಗ ನೆಪ್ಪಿಲ್ಲ."

ಜಗದೇವಪ್ಪನವರ ಸಿಟ್ಟು ಜರ್ರನೆ ಇಳಿಯಿತು. ಅವರಿಗೆ ಸಿಟ್ಟು ಎಷ್ಟು ಬೇಗ ಬರುತ್ತದೋ ಉದಾರತನವೂ ಅಷ್ಟೇ ಬೇಗ ಬರುತ್ತದೆ. "ಆತು! ಇವತ್ತಿಂದ ನೀ ಮೆಂಬರ್. ಕೂಡು, ಊಟ ಮಾಡೂಣು."

"ತಡೀರಿ," ಎಂದರು ದೇವಿಂದ್ರಪ್ಪ.

ಎಲ್ಲರೂ ಅವರನ್ನು ನುಂಗುವ ಹಾಗೆ ನೋಡಿದರು.

"ಊಟ ಮ್ಯಾಲ ನಂದೇನು ತಕರಾರಿಲ್ಲ, ಉಣ್ಲಿ. ಆದ್ರ ಮೆಂಬರ್ ಆಗೂದಿದ್ರ ಊರಿಂದ, ಮನಿಯಿಂದ, ಬಸ್ಸಿನ ಮ್ಯಾಲ ಬುತ್ತಿ ಬರಬೇಕು. ನಾವೆಲ್ಲ ಹಂಗೇ ಆಗೀವಿ. ಪಾಪ ಅಂತ ದಯಾ ತೋರಿಸಿ ಒಳಗ ಕರಕೊಂಡ್ರ ಅದು ಮಾಸ್ತರಗ ಅವಮಾನ. ಬರೂ ಐತ್ವಾರ ಇಲ್ಲೇ ಕೂಡೂಣು. ಬುತ್ತಿ ಬಂದ್ರ ಮೆಂಬರ್. ಬರ್ಲಿಲ್ಲಂದ್ರ ಇಲ್ಲ."

ಮಾಸ್ತರರಿಗೆ ಈ ತೀರ್ಪು ಯಾಕೋ ಬಹಳ ಮೆಚ್ಚುಗೆಯಾಯಿತು. ಮನೆಗೆ ಬಂದವರೇ ಹಿಪ್ಪರಗಾಕ್ಕೆ ಫೋನ್ ಮಾಡಿದರು. ಮಲ್ಕಮ್ಮನಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಕೂಗಿಯೇ ಮಾತಾಡಬೇಕು.

"ಅವ್ವಾ, ಐತ್ವಾರ ಮುಂಜಾನಿ ಬಸ್ಸಿಗಿ ನನಗ ಬುತ್ತಿ ಕಳಸವ್ವಾ!"

"ಬುತ್ತಿ ಯಾಕೋ? ಮಹಾನಂದಾ ಎಲ್ಲಿ ಹೋಗ್ಯಾಳ?"

"ಇಲ್ಲೇ ಅದಾಳ!"

"ಇಲ್ಲೇ ಇದ್ದು ಉಣ್ಣಾಕ ಹಾಕ್ವಲ್ಲಳೇನೋ?"

"ಹೌದ..." ಎಂದು ರೂಢಿಯಂತೆ ಶುರುಮಾಡಿ, ಎಡವಟ್ಟು ತಿಳಿದು, "ಅಲ್ಲವ್ವಾ!" ಎನ್ನುವಷ್ಟರಲ್ಲಿ ಆ ಕಡೆ ಫೋನ್ ಹುಲೆಪ್ಪನ ಕೈಗೆ ಹೋಗಿ, ಅಲ್ಲಿಂದ ಯಾರದೋ ಕೈಗೆ ಹೋಗಿ, ಕಟ್ಟಾಯಿತು. ಈ ಕಡೆ ಮಹಾನಂದಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನನ್ನ ರೊಟ್ಟಿಗಿ ಏನ್ ಧಾಡಿ ಬಡದಾದ್ರಿ?"

ಮಾಸ್ತರರು ಮೊದಲಿನಿಂದ ಕೊನೆಯವರೆಗೂ ಹೇಳಿದರು. ಬಾಗಿಲಲ್ಲಿ ನಿಂತದ್ದನ್ನೂ ಹೇಳಿದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಹಾನಂದಾ ಸೊಂಟದಿಂದ ಕೈ ತೆಗೆದು, ಸುಮ್ಮನೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಆದರೆ ಸುಭದ್ರಾಬಾಯಿ ಗೋಡೆಯಾಚೆಯಿಂದ ಅರ್ಧವೇ ಕೇಳಿಸಿಕೊಂಡಿದ್ದಳು. ಮಾಸ್ತರರ ಮನೆಯಲ್ಲಿ ಒಲೆ ಹೊತ್ತುತ್ತಿಲ್ಲ ಎಂದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ರಾತ್ರಿ ಊಟದ ಹೊತ್ತಿಗೆ ಮೂರು ಮನೆಯವರು ಪಲ್ಯ ಕಳಿಸಿದರು.

ಭಾನುವಾರ ಬೆಳಿಗ್ಗೆ ಬಳಗದವರೆಲ್ಲ ಸ್ಟ್ಯಾಂಡಿಗೇ ಬಂದಿದ್ದರು. ಮಹೇಶಕುಮಾರ ಸೋಲಾಪುರದಿಂದ ಮತ್ತೆ ಬಂದಿದ್ದ. ಮಹಾನಂದಾ, ಅವಳ ಬೆನ್ನಿಗೆ ಕಥೆಯ ಉಳಿದರ್ಧ ಕೇಳಲು ಸುಭದ್ರಾಬಾಯಿ. ಬಸ್ಸು ಬರಲಿಲ್ಲ. ಮಾಸ್ತರರು ಗಡಿಯಾರ ನೋಡಿದರು, ದೇವಿಂದ್ರಪ್ಪ ಮಾಸ್ತರರನ್ನು ನೋಡಿದರು. ಅವ್ವನಿಗೆ ಸರಿಯಾಗಿ ಕೇಳಿಸಿತ್ತೋ ಇಲ್ಲವೋ, ಕೇಳಿಸಿದರೂ ಈ ವಯಸ್ಸಿನಲ್ಲಿ ಒಲೆ ಮುಂದೆ ಕೂರಲು ಆದೀತೇ ಎಂದು ಮಾಸ್ತರರು ಮತ್ತೆ ಮತ್ತೆ ರಸ್ತೆಯ ಕಡೆ ನೋಡಿದರು.

ಕೊನೆಗೂ ಬಸ್ಸು ಬಂತು. ಮೊದಲು ಇಳಿದದ್ದು ಹುಲೆಪ್ಪ, ಹೆಗಲ ಮೇಲೆ ಟಾವೆಲು, ಮುಖದಲ್ಲಿ ಪಂಚಾಯ್ತಿಯ ಕಳೆ. ಅವನ ಹಿಂದೆ ಊರಿನ ಹಿರಿಯ ದಾವಲಸಾಬ.

"ಎಲ್ಲಿ ಆಕಿ?" ಎಂದ ಹುಲೆಪ್ಪ. ಮಹಾನಂದಾಳನ್ನು ಕಂಡು ದನಿ ಇಳಿಸಿದ. "ಏನವಾ, ಗಂಡಾ ಹೆಂಡ್ತಿ ಅಂದ್ಮ್ಯಾಲ ಮಾತು ಬರ್ತದ, ಹೋಗ್ತದ. ಉಣ್ಣಾಕ ಹಾಕೂದು ಬಿಟ್ರ ಹ್ಯಾಂಗ? ಹಿರಿಯರ್ನ ಕರಕೊಂಡೇ ಬಂದೀನಿ. ಕೂತು ಬಗೀಹರಿಸೂಣು."

"ಭಾವಾರೇ, ನಿಮ್ಮ ತಮ್ಮಗ ನಾ ದಿನಾ ಹಾಕಾಕತ್ತೀನ್ರಿ," ಎಂದು ಮಹಾನಂದಾ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. "ಅವ್ರಿಗಿ ಕಾಲೇಜ್ ಬುತ್ತಿ ಬೇಕಾಗ್ಯಾದಂತ."

ಇದನ್ನು ಹುಲೆಪ್ಪನಿಗೆ ತಿಳಿಸಿ ಹೇಳಲು ಬಳಗದವರೆಲ್ಲ ಒಟ್ಟಿಗೇ ಬಾಯಿ ಹಾಕಿದ್ದರಿಂದ ಅವನಿಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. "ಬುತ್ತಿ ಯಾರದ್ರೀ ಇದು? ಲಗೂ ಇಳಿಸ್ಕೋರಿ!"

"ನಂದ್ರಿ," ಎಂದು ಮಾಸ್ತರರು ಮುಂದೆ ಹೋದರು.

ಅದನ್ನು ಒಬ್ಬರಿಂದ ಎತ್ತಲಾಗಲಿಲ್ಲ. ಹಾಸಿಗೆಯ ದುಪ್ಪಡಿಯಲ್ಲಿ ಕಟ್ಟಿದ ಗಂಟು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ, ಮೇಲೆ ಒಂದು ಡಬ್ಬಿ ಹೋಳಿಗೆ. ಮಹೇಶಕುಮಾರ ಒಂದು ಕಡೆ, ಜಹೀರುದ್ದೀನ ಒಂದು ಕಡೆ ಹಿಡಿದು ಇಳಿಸಿದರು.

"ಇಷ್ಟ್ಯಾಕೋ ಅಣ್ಣಾ?" ಎಂದರು ಮಾಸ್ತರರು.

"ನಾ ಏನ್ ಮಾಡ್ಲಿ? ಒಂದ್ ತುಸು ಸಾಕು ಅಂದೆ. ಅವ್ವ ಕೇಳ್ಬೇಕಲ್ಲ. ನಿನ್ನಿ ಮಧ್ಯಾಹ್ನದಿಂದ ಬಡೀಲಾಕ ಕುಂತಾಳ, ಸೊಸ್ತಿಯರಿಗಿ ಮುಟ್ಟಾಕ ಬಿಟ್ಟಿಲ್ಲ." ಹುಲೆಪ್ಪ ಟಾವೆಲಿನಿಂದ ಬೆವರು ಒರೆಸಿಕೊಂಡ. "ಆಗ ಓಣಿ ಹೆಣ್ಮಕ್ಳೆಲ್ಲ ದಿನಾ ಬುತ್ತಿ ಹಿಡ್ಕೊಂಡು ಬಸ್ಸಿಗಿ ಹೋಗ್ತಿದ್ರಂತ. ಹಾಸ್ಟೆಲಿನ್ಯಾಗ ಸರ್ಕಾರ ಉಣ್ಣಾಕ ಹಾಕ್ತದಂತ ಈಕಿ ಮನ್ಯಾಗ ಕೂಡ್ತಿದ್ಳಂತ. ನನ್ನ ಬುತ್ತಿ ಒಂದಿನಾನೂ ಬಸ್ ಹತ್ತಲಿಲ್ಲ ಅಂತ ಅತ್ತಳೋ ಮಾರಾಯಾ, ರೊಟ್ಟಿ ಬಡೀತ ಬಡೀತ."

ದೇವಿಂದ್ರಪ್ಪನವರು ಗಂಟಿನ ಮುಂದೆ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಹಿಪ್ಪರಗಾ ಬಸ್ ಹಾಜರ್," ಎಂದರು. ಜಗದೇವಪ್ಪ ಗಂಟಿನ ಇನ್ನೊಂದು ಮೂಲೆಗೆ ಕೈ ಹಾಕಿದರು. ಹುಲೆಪ್ಪ, ದಾವಲಸಾಬ, ಮಹಾನಂದಾ, ಸುಭದ್ರಾಬಾಯಿ ಎಲ್ಲರೂ ಅದರ ಹಿಂದೆ ಖೋಲಿಗೆ ನಡೆದರು. ಅಂದು ಖೋಲಿಯಲ್ಲಿ ಎಷ್ಟು ಉಂಡರೂ ರೊಟ್ಟಿ ತೀರಲಿಲ್ಲ. ಜಹೀರುದ್ದೀನರು ಏನೋ ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು, ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು. ಸರ್ವರಬೇಗಂ ಒಳಮನೆಯಿಂದ ಗದರಿಸಿದರು.

ಕೈ ತೊಳೆದುಕೊಂಡು ಮಾಸ್ತರರು ಊರಿಗೆ ಫೋನ್ ಮಾಡಿದರು.

"ಬುತ್ತಿ ಮುಟ್ಟಿತೇನೋ?" ಎಂದಳು ಮಲ್ಕಮ್ಮ.

"ಮುಟ್ಟಿತವ್ವಾ. ಎಲ್ಲಾರೂ ಕೂಡಿ ಉಂಡ್ವಿ."

ಆ ಕಡೆ ಮುದುಕಿ, ಎಷ್ಟೋ ವರ್ಷಗಳಿಂದ ಹೇಳಬೇಕೆಂದು ಇಟ್ಟುಕೊಂಡಿದ್ದನ್ನು ಹೇಳಿದಳು. "ಊಟಾ ಬಿಡಬ್ಯಾಡ. ಗೆಳ್ಯಾರ ಕೂಡ ಜಗಳ ತಗೀಬ್ಯಾಡ. ಛಂದಾಗಿ ಓದಪಾ."

ಇನ್ನೆರಡು ವರ್ಷಕ್ಕೆ ಪಿಂಚಣಿ ಪಡೆಯಲಿದ್ದ ಸೂರ್ಯಕಾಂತ ಮಾಸ್ತರರು ಫೋನನ್ನು ಕಿವಿಗೆ ಗಟ್ಟಿಯಾಗಿ ಒತ್ತಿಹಿಡಿದು, "ಓದ್ತೇನವ್ವಾ," ಎಂದರು.